ಸೀಟಿನಡಿಯ ‘ದುಡುಂ’

ಹಳೆಯ ಕಾರಿನಲ್ಲಿ ಕಬ್ಬಿಣ ಅಷ್ಟು ಸುಲಭಕ್ಕೆ ಸಾಯುವುದಿಲ್ಲ, ಮೊದಲು ಪ್ರಾಣ ಬಿಡುವುದು ರಬ್ಬರು. ನನ್ನ ಮರ್ಸಿಡಿಸ್ 240ಡಿಯ ಡೀಸೆಲ್ ಎಂಜಿನ್ ಇವತ್ತಿಗೂ ಹಟ ಹಿಡಿದು ದುಡಿಯುತ್ತದೆ. ಆದರೆ ಈಚೆಗೆ ಕ್ಲಚ್ ಬಿಟ್ಟು ಹೊರಟರೆ ಹಿಂದಿನ ಸೀಟಿನಡಿ ‘ದುಡುಂ’. “ಡಿಕ್ಕಿಯಲ್ಲಿ ಏನು ಹೇರಿಕೊಂಡಿದ್ದೀರಿ?” ಎಂದಳು ಹೆಂಡತಿ. ನನಗೋ ಒಳಗೊಳಗೇ ಖುಷಿ, ಭಾನುವಾರಕ್ಕೆ ಕೆಲಸ ಸಿಕ್ಕಿತಲ್ಲ!

ಇದು ಡಬ್ಲ್ಯು123 ಮನೆತನದ ಕಾರು. 1976ರಲ್ಲಿ ಮಾರುಕಟ್ಟೆಗೆ ಬಂದು, ಸುಮಾರು ಒಂದು ದಶಕದಲ್ಲಿ 27 ಲಕ್ಷದಷ್ಟು ತಯಾರಾದ ಮಾದರಿ. ಜರ್ಮನಿಯ ಟ್ಯಾಕ್ಸಿ ಸ್ಟ್ಯಾಂಡುಗಳನ್ನು ಆಳಿದ್ದೂ ಇದೇ. ಪುಣೆಯಲ್ಲಿ ಮರ್ಸಿಡಿಸ್ ಜೋಡಣೆ ಶುರುವಾದದ್ದು 1995ರಲ್ಲಾದ್ದರಿಂದ ನಮ್ಮಲ್ಲಿರುವ 123ಗಳೆಲ್ಲ ಕಡಲು ದಾಟಿ ಬಂದವು. ಅಂಬಾಸಿಡರ್, ಪದ್ಮಿನಿಗಳಲ್ಲಿ ಹಿಂದಿನ ಆಕ್ಸಲ್ ಒಂದೇ ಗಟ್ಟಿ ತೊಲೆ, ಪಟ್ಟಾ ಸ್ಪ್ರಿಂಗಿನ ಮೇಲೆ ಕೂತಿರುತ್ತದೆ. ಇಲ್ಲಿ ಹಾಗಲ್ಲ. ಡಿಫರೆನ್ಶಿಯಲ್ಲು, ಚಕ್ರದ ತೋಳುಗಳು ಎಲ್ಲ ಒಂದು ಅಡ್ಡ ಚೌಕಟ್ಟಿಗೆ ಸೇರಿವೆ. ಈ ಇಡೀ ಸಂಸಾರ ಕಾರಿನ ಮೈಗೆ ತೂಗುಬಿದ್ದಿರುವುದು ಮೂರು ರಬ್ಬರ್ ಮೌಂಟಿಂಗುಗಳಿಂದ. ಮುಂದೆ ಎಡಬಲಕ್ಕೆ ಒಂದೊಂದು, ಡಿಫರೆನ್ಶಿಯಲ್ಲಿನ ಬೆನ್ನಿಗೆ ಒಂದು. ಸಾಲದ್ದಕ್ಕೆ ಪ್ರೊಪೆಲ್ಲರ್ ಶಾಫ್ಟಿನ ಎರಡು ತುದಿಗೂ ರಬ್ಬರ್ ಕಪ್ಲಿಂಗ್, ನಡುವೆ ರಬ್ಬರಿನಲ್ಲೇ ಕೂತ ಸೆಂಟರ್ ಬೇರಿಂಗ್. ಅಂದರೆ ‘ದುಡುಂ’ ಎನ್ನಲು ಒಟ್ಟು ಆರು ಬಾಯಿ.

“ಎಲ್ಲಾ ಚೇಂಜ್ ಮಾಡ್ಸಿಬಿಡಿ ಸಾರ್, ತಲೆನೋವೇ ಇರಲ್ಲ” ಎಂದರು ಮೇಸ್ತ್ರಿ. ತಲೆನೋವೇ ಇಲ್ಲದ ಮೇಲೆ ಹಳೆ ಕಾರು ಯಾಕೆ ಇಟ್ಟುಕೊಳ್ಳಬೇಕು? ಯಾವ ಬಾಯಿ ಎಂದು ಪತ್ತೆ ಹಚ್ಚುವುದರಲ್ಲೇ ಅರ್ಧ ಸುಖವಿದೆ. ಹೊರಡುವಾಗ ನೆಲವೆಲ್ಲ ಗಡಗಡ ನಡುಗಿದರೆ ಸೆಂಟರ್ ಬೇರಿಂಗಿನ ಮೇಲೆ ಅನುಮಾನ. ತಿರುವಿನಲ್ಲಿ ಆಕ್ಸಿಲರೇಟರ್ ಬಿಟ್ಟೊಡನೆ ಕಾರಿನ ಹಿಂಭಾಗ ತಾನೇ ಪಕ್ಕಕ್ಕೆ ಸರಿದಂತಾದರೆ ಮುಂದಿನ ಎರಡು ಮೌಂಟಿಂಗುಗಳನ್ನು ನೋಡಬೇಕು. ಹೊರಡುವಾಗ, ಗೇರ್ ಬದಲಿಸುವಾಗ ಒಂದೇ ಒಂದು ಏಟು ಬಿದ್ದರೆ ಡಿಫರೆನ್ಶಿಯಲ್ ಮೌಂಟಿಂಗೋ ಕಪ್ಲಿಂಗೋ ಇರಬೇಕು.

ನನ್ನ ಮೆಚ್ಚಿನ ಉಪಾಯ ಸೀಮೆಸುಣ್ಣದ್ದು. ಡಿಫರೆನ್ಶಿಯಲ್ ಮೌಂಟಿಂಗಿನ ರಬ್ಬರಿನ ಮೇಲಿಂದ ಅದರ ಲೋಹದ ತಟ್ಟೆಯವರೆಗೆ ಒಂದು ನೇರ ಗೆರೆ ಎಳೆದೆ. ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಬಿಗಿದು, ಮೊಬೈಲಿನಲ್ಲಿ ವಿಡಿಯೊ ಚಾಲೂ ಮಾಡಿ ಕಾರಿನಡಿಗೆ ತಳ್ಳಿದೆ. ಅಳಿಯ ಸ್ಟಿಯರಿಂಗಿನಲ್ಲಿ ಕೂತು ಒಮ್ಮೆ ಫಸ್ಟ್, ಒಮ್ಮೆ ರಿವರ್ಸ್ ಹಾಕಿ ಕ್ಲಚ್ಚನ್ನು ಒಂಚೂರೇ ಬಿಟ್ಟ. ಆಮೇಲೆ ಇಬ್ಬರೂ ಕಟ್ಟೆಯ ಮೇಲೆ ಕೂತು ವಿಡಿಯೊ ನೋಡಿದೆವು. “ಮಾವ, ಹಾವಿನ ಥರ ಹೆಡೆ ಎತ್ತುತ್ತಲ್ಲ ಇದು!” ಎಂದ. ನಿಜ. ಡಿಫರೆನ್ಶಿಯಲ್ ಮೂತಿ ಮೇಲೆತ್ತಿತು, ಬೆನ್ನು ಕುಸಿಯಿತು, ಬಿಳಿ ಗೆರೆ ಎರಡು ತುಂಡಾಗಿ ನಡುವೆ ಬೆರಳು ತೂರುವಷ್ಟು ಸಂದು. ಲೋಹಕ್ಕೆ ಬೆಸೆದಿದ್ದ ರಬ್ಬರ್ ಪೂರ್ತಿ ಬಿಟ್ಟುಕೊಂಡಿತ್ತು. ಡಿಫರೆನ್ಶಿಯಲ್ಲಿನ ಮುಚ್ಚಳದ ಸಂದಿಯಿಂದ ಎಣ್ಣೆ ಜಿನುಗಿ ಅದನ್ನು ನೆನೆಸಿ ಮೆತ್ತಗಾಗಿಸಿತ್ತು. ಸೋರಿಕೆ ನಿಲ್ಲಿಸದೆ ಹೊಸ ರಬ್ಬರ್ ಹಾಕಿದರೆ ಅದರ ಗತಿಯೂ ಅಷ್ಟೇ.

ಹಿಂದಿನ ಕಪ್ಲಿಂಗಿನ ಬೋಲ್ಟ್ ತೂತುಗಳ ಸುತ್ತಲೂ ಬಿರುಕಿತ್ತು, ಹಾಗಾಗಿ ಶಾಫ್ಟನ್ನೂ ಬಿಚ್ಚಬೇಕಾಯಿತು. ಬಿಚ್ಚುವ ಮೊದಲು ಎರಡೂ ಕಡೆ ಬಣ್ಣದ ಗುರುತು ಹಾಕಲೇಬೇಕು. ಶಾಫ್ಟು ಇದ್ದ ಹಾಗೇ ಕೂರದಿದ್ದರೆ ನಡುಕ ಗಂಟುಬೀಳುತ್ತದೆ. ಕಪ್ಲಿಂಗ್ ಬಿಗಿಯುವಾಗ ಬೋಲ್ಟನ್ನು ಅಲುಗದಂತೆ ಹಿಡಿದು ನಟ್ಟನ್ನಷ್ಟೇ ತಿರುಗಿಸಬೇಕು. ಬೋಲ್ಟ್ ತಿರುಗಿದರೆ ಹೊಸ ರಬ್ಬರು ಅಲ್ಲೇ ತಿರುಚಿಕೊಳ್ಳುತ್ತದೆ. ಶಾಫ್ಟಿನ ನಡುವಿನ ದೊಡ್ಡ ನಟ್ಟಿಗೆ 40 ಮಿ.ಮೀ.ಗಿಂತ ದೊಡ್ಡ ಸ್ಪ್ಯಾನರ್ ಜೋಡಿ ಬೇಕು. ಅದನ್ನು ಸಡಿಲವಾಗಿಯೇ ಬಿಟ್ಟು, ಕಾರನ್ನು ಚಕ್ರದ ಮೇಲಿಳಿಸಿ ಹಿಂದೆ ಮುಂದೆ ತಳ್ಳಿದರೆ ಶಾಫ್ಟು ತನ್ನ ಉದ್ದವನ್ನು ತಾನೇ ಹುಡುಕಿಕೊಳ್ಳುತ್ತದೆ. ಬಿಗಿಯುವುದು ಆಮೇಲೆ. ಈ ಹಿಂದೆ ಮುಂದೆ ತಳ್ಳುವ ಗಳಿಗೆ ನನಗೆ ತುಂಬ ಇಷ್ಟ. ಬೀದಿಯವರು ಮಾತ್ರ ಕಾರು ಕೆಟ್ಟಿದೆ ಎಂದುಕೊಂಡು ಕೈ ಹಚ್ಚಲು ಬರುತ್ತಾರೆ.

ಮೌಂಟಿಂಗ್ ಹುಡುಕಿಕೊಂಡು ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಗೆ ಹೋದಾಗ, ರಬ್ಬರ್ ಬದಲು ಪಾಲಿಯುರಿಥೇನ್ ಹಾಕಿಸಿ, ಜನ್ಮಕ್ಕಾಗುತ್ತದೆ ಎಂದರು ಒಬ್ಬರು. ರೇಸಿನ ಕಾರಿಗಾದರೆ ಸರಿ. ನನ್ನ ಕಾರಿಗೆ ಅಷ್ಟು ಗಟ್ಟಿ ವಸ್ತು ಹಾಕಿದರೆ ಡಿಫರೆನ್ಶಿಯಲ್ಲಿನ ಗುಂಯ್‌ಗುಟ್ಟುವಿಕೆಯೆಲ್ಲ ನೇರ ಸೀಟಿಗೆ ಬರುತ್ತದೆ. ಸದ್ದನ್ನು ತಾನು ನುಂಗಿ ಸವೆಯುವುದೇ ರಬ್ಬರಿನ ಕೆಲಸ. ನಾನು ರಬ್ಬರನ್ನೇ ಹಾಕಿದೆ.

ನಿಮ್ಮ ಹಳೆ ಕಾರೂ ಹೀಗೆ ಗುದ್ದತೊಡಗಿದರೆ, ಬಿಡಿಭಾಗಕ್ಕೆ ದುಡ್ಡು ಸುರಿಯುವ ಮುಂಚೆ ಮೊಬೈಲನ್ನು ಒಮ್ಮೆ ಅದರಡಿಗೆ ಕಳಿಸಿ ನೋಡಿ. ನೀವೇ ಅಡಿಗೆ ಹೋಗಬೇಕಾಗಿ ಬಂದರೆ ಮಾತ್ರ ಬರೀ ಜಾಕನ್ನು ನಂಬಬೇಡಿ, ಸ್ಟ್ಯಾಂಡ್ ಕೊಟ್ಟೇ ನುಗ್ಗಿ.