ಲೆಡ್ಜರ್ ಮುಚ್ಚಿದ ಮೇಲೆ

ಬ್ಯಾಂಕಿಗೆ ಕಂಪ್ಯೂಟರ್ ಬಂದ ಕತೆ ಹೇಳುವಾಗ ಎಲ್ಲರೂ ಕಾರ್ಮಿಕ ಸಂಘಗಳ ವಿರೋಧವನ್ನೇ ಹೇಳುತ್ತಾರೆ. ವಿರೋಧವಿತ್ತು, ಕೆಲಸ ಹೋಗುವ ಭಯವೂ ಇತ್ತು. ಆದರೆ 1993ರಲ್ಲಿ ಸಂಘಗಳು ಗಣಕೀಕರಣದ ಒಪ್ಪಂದಕ್ಕೆ ಸಹಿ ಹಾಕಿದ ಮೇಲೂ ನಮ್ಮ ಶಾಖೆಯಲ್ಲಿ ಒಂದು ಮುನಿಸು ಉಳಿದೇ ಇತ್ತು. ಯಾವ ಬೇಡಿಕೆ ಪಟ್ಟಿಯಲ್ಲೂ ಬರೆಯಲಾಗದಂಥ ಮುನಿಸು.

ನಮ್ಮ ಹಿರಿಯ ಗುಮಾಸ್ತರೊಬ್ಬರು ಉದ್ದುದ್ದದ ಮೊತ್ತಗಳನ್ನು ಬೆರಳಾಡಿಸುತ್ತಲೇ ಕೂಡಿಸಿಬಿಡುತ್ತಿದ್ದರು. ಉಳಿತಾಯ ಖಾತೆಗಳ ಲೆಡ್ಜರ್ ತಾಳೆಯಾಗದೆ ರಾತ್ರಿಯಾದರೆ ಮ್ಯಾನೇಜರರೂ ಅವರ ಮೇಜಿಗೇ ಬರುತ್ತಿದ್ದರು. ವ್ಯತ್ಯಾಸ 9ರಿಂದ ಭಾಗವಾದರೆ ಎಲ್ಲೋ ಅಂಕಿಗಳು ಹಿಂದುಮುಂದಾಗಿರಬಹುದು ಎಂದು ನನಗೆ ಕಲಿಸಿದವರು ಅವರೇ. "54 ಇದ್ದಲ್ಲಿ 45 ಬರೆದಿರ್ತೀರಿ, ಹುಡುಕಿ" ಎನ್ನುತ್ತಿದ್ದರು. ಹುಡುಕಿದರೆ ಸಿಗುತ್ತಿತ್ತು.

ಕಂಪ್ಯೂಟರ್ ಬಂದ ಮೇಲೆ ಅದೇ ಮನುಷ್ಯ ಪಾಸ್‌ವರ್ಡ್ ಮರೆತು, ಮಗನ ವಯಸ್ಸಿನ ಹುಡುಗನನ್ನು ಕೂಗಬೇಕಾಯಿತು. ಕೌಂಟರಿನಾಚೆ ಗ್ರಾಹಕರು ನೋಡುತ್ತಿದ್ದರು. ತರಬೇತಿಗೆ ಬಂದವರು ಯಾವ ಕೀ ಒತ್ತಬೇಕೆಂದಷ್ಟೇ ಹೇಳಿ ಹೋದರು. ಬದಲಾವಣೆಗೆ ಒಗ್ಗದವರನ್ನು ಸೋಮಾರಿಗಳೆಂದು ಯಾರಾದರೂ ಜರೆದರೆ (ಈಗಲೂ ಜರೆಯುತ್ತಾರೆ) ನನಗೆ ಸಿಟ್ಟು ಬರುವುದು ಇದಕ್ಕೇ.

2000-01ರಲ್ಲಿ ಸ್ವಯಂನಿವೃತ್ತಿ ಯೋಜನೆ ಬಂತು. 15 ವರ್ಷ ಸೇವೆಯಾದವರು ಇಲ್ಲವೇ 40 ವಯಸ್ಸಾದವರು ಅರ್ಜಿ ಹಾಕಬಹುದಿತ್ತು. ಸರ್ಕಾರಿ ಬ್ಯಾಂಕುಗಳಿಂದ ಸುಮಾರು 1 ಲಕ್ಷ ಜನ ಹೊರಟರು. ಅವರೂ ಹೊರಟರು. ಕೊನೆಯ ದಿನ ಸಂಜೆ, ಕಂಪ್ಯೂಟರಿನ ಪ್ರಿಂಟ್‌ಔಟ್ ಒಂದನ್ನು ಪೆನ್ಸಿಲ್ ಹಿಡಿದು ಮೇಲಿಂದ ಕೆಳಗೆ ಕೂಡಿಸಿ, ಮೊತ್ತದ ಪಕ್ಕ ಟಿಕ್ ಹಾಕಿ, ನನ್ನ ಕೈಗೆ ಕೊಟ್ಟರು.