ಸತಿಪತಿಗಳ ಕಾಲ್ನಡಿಗೆ: ಏಳುಮಲೆಯಿಂದ ಬಿಳಿಗಿರಿಯವರೆಗೆ

ಹೆಗಲಿಗೆ ಚೀಲ ಹೊತ್ತು ಕಾಡುಮೇಡುಗಳಲ್ಲಿ ನಡೆಯುವುದು, ಗುಡಾರ ಹೂಡಿ ರಾತ್ರಿ ಕಳೆಯುವುದು ಪಟ್ಟಣದ ತರುಣರು ತಂದ ಹೊಸ ಹವ್ಯಾಸವೆಂದು ಹಲವರು ತಿಳಿದಿದ್ದಾರೆ. ಕೊಳ್ಳೇಗಾಲ ಸೀಮೆಯ ಒಕ್ಕಲು ಮನೆತನದವರು ಈ ಮಾತನ್ನು ಕೇಳಿದರೆ ನಕ್ಕಾರು. ಪುಷ್ಯ ಮಾಸದ ಹುಣ್ಣಿಮೆಗೆ ಚಿಕ್ಕಲ್ಲೂರಿನ ಬಯಲಿನಲ್ಲಿ ಐದು ದಿನ ಬಿಡಾರ ಹೂಡುವ ಸಂಸಾರಗಳಾಗಲಿ, ಶಿವರಾತ್ರಿಗೆ ಗಂಟು ಕಟ್ಟಿಕೊಂಡು ಮಹದೇಶ್ವರನ ಬೆಟ್ಟಕ್ಕೆ ನಡೆದೇ ಹೊರಡುವ ವೃದ್ಧ ದಂಪತಿಗಳಾಗಲಿ ಇದಕ್ಕಾಗಿ ಯಾವ ತರಬೇತಿಯನ್ನೂ ಪಡೆದವರಲ್ಲ. ಮೂರು ಕಲ್ಲು, ಒಂದು ಪಾತ್ರೆ, ಹೊದೆಯಲೊಂದು ಕಂಬಳಿ. ಇಷ್ಟರಲ್ಲಿಯೇ ಅವರ ಸಂಸಾರ ಅಡವಿಯಲ್ಲಿಯೂ ಸಾಗುತ್ತದೆ.

ನಾವು ಅರವತ್ತು ದಾಟಿದ ಮೇಲೆ ನಮ್ಮ ಧರ್ಮಪತ್ನಿಯವರೊಡನೆ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಕಾಡಂಚಿನ ದಾರಿಗಳನ್ನು ವರ್ಷಕ್ಕೆ ಒಂದೆರಡು ಬಾರಿ ನಡೆಯುತ್ತ ಬಂದಿದ್ದೇವೆ. ಮಠದ ಪಾಠಶಾಲೆಯಲ್ಲಿ ಬೆಳೆದ ನಮಗೆ ನಡಿಗೆ ಹೊಸದಲ್ಲ. ಆದರೆ ನಮ್ಮ ಅನೇಕ ಮನೆಗಳಲ್ಲಿ ಯಾತ್ರೆಯೆಂದರೆ ಗಂಡಸರು ಹೊರಡುವುದು, ಹೆಂಗಸರು ನಸುಕಿನಲ್ಲೆದ್ದು ಬುತ್ತಿ ಕಟ್ಟಿ ಕಳುಹಿಸುವುದು ಎಂಬ ರೂಢಿಯಿದೆ. “ಬುತ್ತಿ ಕಟ್ಟೋ ಕೈಗೆ ಕಾಲಿಲ್ಲ ಅಂತ ಯಾರು ಹೇಳಿದ್ರು?” ಎಂದು ಒಂದು ಶಿವರಾತ್ರಿಯ ಹಿಂದಿನ ವಾರ ಅವರು ಕೇಳಿದಾಗ ಉತ್ತರವಿರಲಿಲ್ಲ. ಜೇಡರ ದಾಸಿಮಯ್ಯ ಮತ್ತು ದುಗ್ಗಳೆಯರ ದಾಂಪತ್ಯವನ್ನು ವೇದಿಕೆಯ ಮೇಲೆ ಕೊಂಡಾಡುವ ನಾವು ದಾರಿಯ ಮೇಲೆಯೂ ಜೊತೆಗಿರುವುದು ಲೇಸಲ್ಲವೆ?

ಕೊಳ್ಳೇಗಾಲದಿಂದ ಬೇರ್ಪಟ್ಟು ಹೊಸ ತಾಲ್ಲೂಕಾದ ಹನೂರನ್ನು ಬಿಟ್ಟು, ಕೌದಳ್ಳಿಯಲ್ಲಿ ರಾತ್ರಿ ತಂಗಿ, ಬೆಳಕು ಹರಿದ ಮೇಲೆ ತಾಳಬೆಟ್ಟವನ್ನು ಸೇರುವುದು ನಮ್ಮ ಕ್ರಮ. ತಾಳಬೆಟ್ಟದಲ್ಲಿ ಧೂಪ ಹಾಕಿ, ವಿಭೂತಿ ಧರಿಸಿ, “ಉಘೇ ಮಾದಪ್ಪ” ಎಂದು ಭಕ್ತರು ಬೆಟ್ಟಕ್ಕೆ ಕಾಲಿಡುತ್ತಾರೆ. ಅಲ್ಲಿಂದ ಮೇಲಕ್ಕೆ ಸುಮಾರು 18 ಕಿಲೋಮೀಟರ್. ಏರು ಕಡಿದಾದಲ್ಲಿ ಮಾತು ತಾನಾಗಿ ನಿಲ್ಲುತ್ತದೆ. ಮನೆಯಲ್ಲಿ ಎಷ್ಟೋ ವರ್ಷ ಜೊತೆಗಿದ್ದೂ ಒಬ್ಬರ ಉಸಿರಿನ ಲಯವನ್ನು ಇನ್ನೊಬ್ಬರು ಗಮನಿಸಿರುವುದಿಲ್ಲ; ಇಲ್ಲಿ ಅದನ್ನು ಗಮನಿಸದೆ ನಡೆಯಲಾಗದು. ಅವರ ಮೊಣಕಾಲು ನೋಯುವಾಗ ನಾವು ಕುಳಿತೆವು. ನಮಗೆ ಎದೆ ಬಡಿತ ಹೆಚ್ಚಾದಾಗ ಅವರು ನೀರಿನ ತಂಬಿಗೆಯನ್ನು ಮುಂದೆ ಹಿಡಿದರು. ರಾಗಿ ರೊಟ್ಟಿ, ಹುಚ್ಚೆಳ್ಳಿನ ಚಟ್ನಿಪುಡಿ ಬಿಚ್ಚಿ ಕುಳಿತೆಡೆ ಕೋತಿಗಳ ಹಿಂಡು ಬಂದು ನಿಂತಿತು. ಅವಕ್ಕೆ ತಿನ್ನಿಸುವುದು ಪುಣ್ಯವೆಂದು ಕೆಲವರು ಬಾಳೆಹಣ್ಣು ಎಸೆಯುತ್ತಿದ್ದರು. ರಸ್ತೆಗೆ ಇಳಿದು ಬೇಡುವುದನ್ನು ಕಲಿತ ಕೋತಿ ವಾಹನದ ಚಕ್ರಕ್ಕೆ ಸಿಕ್ಕಿ ಸಾಯುವುದನ್ನು ಕಂಡವರಿಗೆ ಆ ಪುಣ್ಯದ ಲೆಕ್ಕ ಬೇರೆಯಾಗಿ ತೋರುತ್ತದೆ.

ಈ ಮಲೆಗಳ ಜನಪದ ಮಹಾಕಾವ್ಯದಲ್ಲಿ ಕಾಡಿನ ದಂಪತಿಗಳ ಕಥೆಯೊಂದಿದೆ. ಕಂಸಾಳೆಯವರೂ ದೇವರಗುಡ್ಡರೂ ಇಂದಿಗೂ ಹಾಡುವ ಸಂಕಮ್ಮನ ಸಾಲು ಅದು. ಸೋಲಿಗರ ನೀಲೇಗೌಡನು ಬೇಟೆಗೂ ಜೇನಿಗೂ ಕಾಡಿಗೆ ಹೊರಡುವ ಮುನ್ನ ತನ್ನ ಹೆಂಡತಿ ಸಂಕಮ್ಮನಿಂದ ಶೀಲದ ಆಣೆಯಾಗಿ ಬಲಗೈ ಭಾಷೆಯನ್ನು ಕೇಳುತ್ತಾನೆ. ಆಕೆ ಕೊಡಲು ಒಪ್ಪುವುದಿಲ್ಲ. ಅವಳನ್ನು ಗುಡಿಸಲಿನಲ್ಲಿ ಕಟ್ಟಿಹಾಕಿ, ಹಿಂಸಿಸಿ, ಅವನು ಹೊರಟುಹೋಗುತ್ತಾನೆ. ಜಂಗಮರೂಪದಿಂದ ಬಂದ ಮಾದಪ್ಪನು ಕಟ್ಟು ಬಿಡಿಸುತ್ತಾನೆ. ಮುಂದೆ ಕಾರಯ್ಯ, ಬಿಲ್ಲಯ್ಯರೆಂಬ ಮಕ್ಕಳು ಅವಳಿಗೆ ಹುಟ್ಟುತ್ತಾರೆ. ಪಂಡಿತರು ಈ ಕಥೆಯನ್ನು ಭಕ್ತಿಯ ಮಹಿಮೆಯಾಗಿ ವಿವರಿಸುವುದುಂಟು. ನಮ್ಮ ಜೊತೆಗಾರ್ತಿ ಅದನ್ನು ಬೇರೊಂದು ರೀತಿ ಕೇಳಿಸಿಕೊಂಡರು. “ಕರೆದುಕೊಂಡು ಹೋಗಿದ್ದರೆ ಆಣೆಯ ಪ್ರಸಂಗವೇ ಇರುತ್ತಿರಲಿಲ್ಲ” ಎಂಬುದು ಅವರ ವ್ಯಾಖ್ಯಾನ. ವ್ಯಾಕರಣ, ಅಲಂಕಾರಗಳನ್ನು ಓದಿದ ನಮಗೆ ಇದಕ್ಕಿಂತ ನೇರವಾದ ವ್ಯಾಖ್ಯಾನ ಎಲ್ಲಿಯೂ ಸಿಕ್ಕಿಲ್ಲ.

ಬೆಟ್ಟದಿಂದ ಮುಂದೆ ಸುಮಾರು 14 ಕಿಲೋಮೀಟರ್ ದೂರದ ನಾಗಮಲೆಯಲ್ಲಿ ಹೆಡೆಯೆತ್ತಿದ ಸರ್ಪದಂತಹ ಬಂಡೆಯ ನೆರಳಿನಲ್ಲಿ ಲಿಂಗವಿದೆ. ದಾರಿಯಲ್ಲಿ ಇಂಡಿಗನತ್ತ ಗ್ರಾಮ ಸಿಗುತ್ತದೆ. ರಸ್ತೆ, ನೀರು ಮೊದಲಾದ ಸೌಕರ್ಯಗಳಿಲ್ಲವೆಂದು 2024ರ ಏಪ್ರಿಲ್ 26ರ ಲೋಕಸಭಾ ಚುನಾವಣೆಯನ್ನು ಬಹಿಷ್ಕರಿಸಲು ಹೊರಟ ಅಲ್ಲಿ ಗಲಭೆಯಾಗಿ ಮತಗಟ್ಟೆ ಧ್ವಂಸವಾಯಿತು. ಏಪ್ರಿಲ್ 29ರಂದು ಮರುಮತದಾನ ನಡೆಯಿತು. ಒಂದು ದಿನದ ಮಟ್ಟಿಗೆ ಕಲ್ಲುದಾರಿಯನ್ನು ತುಳಿದು “ಎಂಥ ಪ್ರಶಾಂತ ಸ್ಥಳ” ಎಂದು ಹೊಗಳುವುದು ನಮಗೆ ಸುಲಭ. ಬಸುರಿಯನ್ನೋ ಕಾಯಿಲೆಯವರನ್ನೋ ಅದೇ ದಾರಿಯಲ್ಲಿ ಆಸ್ಪತ್ರೆಗೆ ಸಾಗಿಸಬೇಕಾದವರು ಆ ಹೊಗಳಿಕೆಯನ್ನು ಹೇಗೆ ಕೇಳಿಯಾರು?

ಇದೇ ಮಲೆಯ ಇನ್ನೊಂದು ಸಂಗತಿಯನ್ನು ಭಕ್ತರು ಮರೆಯಲಾಗದು. ಮಹದೇಶ್ವರನು ಹುಲಿವಾಹನ. ನಮ್ಮ ಮನೆಗಳ ಪಟಗಳಲ್ಲಿ ಹುಲಿಯೇರಿ ಬರುವ ಮಾದಪ್ಪನಿಗೆ ದಿನವೂ ಊದುಬತ್ತಿ ಬೆಳಗುತ್ತೇವೆ. 2013ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಆತನ ಮಲೆಯಲ್ಲಿಯೇ, ಹೂಗ್ಯಂ ವಲಯದಲ್ಲಿ, 2025ರ ಜೂನ್ ತಿಂಗಳಲ್ಲಿ ಒಂದು ತಾಯಿಹುಲಿಯೂ ಅದರ ನಾಲ್ಕು ಮರಿಗಳೂ ವಿಷಪ್ರಾಶನದಿಂದ ಸತ್ತುಬಿದ್ದವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತೆಂದು ತನಿಖೆಯಿಂದ ತಿಳಿದುಬಂತು. ಹಸು ಕಳೆದುಕೊಂಡ ಬಡವನ ಸಂಕಟ ಸುಳ್ಳಲ್ಲ. ಪರಿಹಾರ ಬೇಗನೆ ಕೈಸೇರಿದರೆ ವಿಷದ ಕಡೆಗೆ ಕೈ ಹೋಗುವುದು ಕಡಮೆಯಾದೀತು. ಆದರೆ ಆ ಐದು ಕಳೇಬರಗಳ ಸುದ್ದಿ ಓದಿದ ದಿನ ನಮ್ಮ ಮನೆಯಲ್ಲಿ ಪಟದ ಮುಂದೆ ನಿಲ್ಲಲು ಇಬ್ಬರಿಗೂ ಕಷ್ಟವಾಯಿತು.

ಯಳಂದೂರಿನ ಕಡೆಯ ಬಿಳಿಗಿರಿಯ ರೀತಿ ಬೇರೆ. ಅದು 1974ರಲ್ಲಿ ಅಭಯಾರಣ್ಯವಾಗಿ, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ 2011ರಲ್ಲಿ ಅಲ್ಲಿನ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕುಗಳೂ ದೊರೆತವು. ಬಿಳಿಗಿರಿ ರಂಗನು ತಮ್ಮ ಕುಲದ ಕುಸುಮಾಲೆಯನ್ನು ಮದುವೆಯಾದನಾಗಿ ತಮಗೆ ಭಾವನಾಗಬೇಕೆಂಬುದು ಅವರ ನಂಬಿಕೆ. ಬೆಟ್ಟದ ದೊಡ್ಡಸಂಪಿಗೆಯ ಮರಕ್ಕೂ ಅವರು ನಡೆದುಕೊಳ್ಳುತ್ತಾರೆ. ಹಿರಿಯ ಸೋಲಿಗರೊಬ್ಬರು ನಮಗೆ ತರಗುಬೆಂಕಿಯ ವಿಷಯ ವಿವರಿಸಿದರು. ಬೇಸಿಗೆಯ ಆರಂಭದಲ್ಲಿ ಒಣಗಿದ ತರಗನ್ನು ಸಣ್ಣಗೆ ಸುಟ್ಟರೆ ಹುಲ್ಲು ಚಿಗುರುತ್ತಿತ್ತು, ಲಂಟಾನ ಪೊದೆ ಹಬ್ಬುತ್ತಿರಲಿಲ್ಲ. ಬೆಂಕಿ ನಿಷೇಧವಾದ ಮೇಲೆ ಲಂಟಾನ ಕಾಡನ್ನೇ ಮುಚ್ಚಿತು ಎಂಬುದು ಅವರ ವಾದ. “ಬುದ್ಧಿ, ಕಾಡು ನಮ್ಮ ಮನೆ. ಮನೆ ಗುಡಿಸಬೇಡ ಅಂದ್ರೆ ಹೆಂಗೆ?” ಎಂದರು. ಮಲೆಮಹದೇಶ್ವರ ಬೆಟ್ಟದ ಕಡೆ ಸೋಲಿಗರು ಅದೇ ಲಂಟಾನದ ಕಡ್ಡಿಗಳನ್ನು ಬೇಯಿಸಿ, ಬಾಗಿಸಿ ಕುರ್ಚಿ, ಮೇಜುಗಳನ್ನು ಮಾಡುವುದನ್ನು ಕಲಿತು ಜೀವನೋಪಾಯ ಮಾಡಿಕೊಂಡಿದ್ದಾರೆ.

ಹೊರಡಬಯಸುವ ದಂಪತಿಗಳಿಗೆ ನಾಲ್ಕು ವ್ಯಾವಹಾರಿಕ ಮಾತು. ಬಿಳಿಗಿರಿಯ ಅಡವಿಯಲ್ಲಿ ತೋಚಿದಲ್ಲಿ ನಡೆಯುವುದಕ್ಕಾಗಲಿ, ಸ್ವಂತ ಗುಡಾರ ಹೂಡುವುದಕ್ಕಾಗಲಿ ಕಾನೂನಿನ ಅವಕಾಶವಿಲ್ಲ. ಗುಡಾರದಲ್ಲಿಯೇ ಮಲಗುವ ಆಸೆಯಿದ್ದವರಿಗೆ ಕ್ಯಾತೇದೇವರ ಗುಡಿಯಲ್ಲಿ ಜಂಗಲ್ ಲಾಡ್ಜಸ್ ಸಂಸ್ಥೆಯ ವಸತಿಯಿದೆ. ಅದು ನಮ್ಮಂಥವರ ಕೈಚೀಲಕ್ಕೆ ಸ್ವಲ್ಪ ಭಾರ. ನಾಗಮಲೆಗೆ ಹೊರಡುವ ಮುನ್ನ ಅರಣ್ಯ ಇಲಾಖೆಯ ಅನುಮತಿಯ ವಿಚಾರ ತಿಳಿದುಕೊಳ್ಳಿರಿ. ಕತ್ತಲಾದ ಮೇಲೆ ಕಾಡುದಾರಿ ಹಿಡಿಯಬೇಡಿರಿ. ಆನೆ, ಚಿರತೆಗಳ ಹೊತ್ತು ಅದು. ಪ್ಲಾಸ್ಟಿಕ್ ಬಾಟಲಿಯ ಬದಲು ತಾಮ್ರದ ತಂಬಿಗೆ ಇರಲಿ. ಬೆಟ್ಟದ ದಾಸೋಹದಲ್ಲಿ ಊಟ ದೊರೆಯುವುದರಿಂದ ಬುತ್ತಿ ಒಂದು ಹೊತ್ತಿನದು ಸಾಕು, ಅದನ್ನು ಇಬ್ಬರೂ ಸೇರಿ ಕಟ್ಟಿರಿ.

ಮುಂದಿನ ದೀಪಾವಳಿಗೆ ಹಾಲರವಿ ಉತ್ಸವ ನೋಡುವುದೆಂದು ನಮ್ಮಲ್ಲಿ ಈಗಾಗಲೇ ತೀರ್ಮಾನವಾಗಿದೆ. ಬೇಡಗಂಪಣ ಸಮುದಾಯದ 101 ಹೆಣ್ಣುಮಕ್ಕಳು ಹಾಲಹಳ್ಳದ ನೀರನ್ನು ಕಾಡಿನ ದಾರಿಯಲ್ಲಿ ಬರಿಗಾಲಿನಿಂದ ಹೊತ್ತುತರುತ್ತಾರೆ. ನೋಡಬಯಸುವವರು ಹಿಂದಿನ ದಿನವೇ ಬೆಟ್ಟ ಸೇರಿಕೊಳ್ಳುವುದು ಒಳ್ಳೆಯದು.