ಪಿಕಪ್‌ಗೆ ರೀಮ್ಯಾಪ್ ಮಾಡಿಸೋದಾ, ಬೇಡ್ವಾ?

ಟೊಮೆಟೊ ಕಟಾವು ಹತ್ರ ಬಂದಂಗೆ ತಮ್ಮನದು ಒಂದೇ ವರಾತ. ನಮ್ಮ ಬೊಲೆರೊ ಪಿಕಪ್‌ಗೆ ರೀಮ್ಯಾಪ್ ಮಾಡಿಸಿ, ಹಿಂದಕ್ಕೆ ಎರಡು ಪ್ಲೇಟು ಜಾಸ್ತಿ ಹಾಕಿಸಿದ್ರೆ ಕೋಲಾರ ಮಂಡಿಗೆ ಒಂದೇ ಟ್ರಿಪ್ಪಿಗೆ 130 ಬಾಕ್ಸ್ ಹೋಗುತ್ತಂತೆ.

ಲೆಕ್ಕ ಹಾಕಿದೆ. ನಮ್ಮದು 1.7 ಟನ್ ಗಾಡಿ. 15 ಕೆಜಿ ಬಾಕ್ಸ್ 130 ಅಂದ್ರೆ ಹಣ್ಣೇ 1,950 ಕೆಜಿ, ಖಾಲಿ ಬಾಕ್ಸಿನ ತೂಕ ಬೇರೆ. ಪ್ಲೇಟು ಹಾಕಿದ್ರೆ ಗಾಡಿ ಕೂರಲ್ಲ, ನಿಜ. ಆದ್ರೆ ಬ್ರೇಕು, ಆಕ್ಸಲ್ಲು ಅವೇ ಅಲ್ವಾ? ಆರ್‌ಸಿಲಿರೋ ತೂಕವೂ ಬದಲಾಗಲ್ಲ. 2019ರ ತಿದ್ದುಪಡಿ ಕಾಯ್ದೆಲಿ ಓವರ್‌ಲೋಡಿಗೆ 20,000 ದಂಡ ಬರೆದಿದ್ದಾರೆ, ಮೇಲಿನ ಟನ್ನಿಗೆ 2,000 ಬೇರೆ.

ರೀಮ್ಯಾಪ್‌ನಿಂದ ಎಳೆತ ಹೆಚ್ಚುತ್ತೆ, ಇಲ್ಲ ಅನ್ನಲ್ಲ. ಅದರ ಪೆಟ್ಟು ಬೀಳೋದು ಕ್ಲಚ್ಚಿಗೆ. ವಾರಂಟಿ ಇದ್ದೋರಿಗೆ ಅದಕ್ಕೂ ಕುತ್ತು. ಇನ್ನು ಪ್ಲೇಟು ಗಟ್ಟಿಯಾದ್ರೆ ಅರ್ಧ ಲೋಡಲ್ಲಿ ಗಾಡಿ ಎತ್ತಾಕುತ್ತೆ, ಹಣ್ಣು ಜಜ್ಜುತ್ತೆ. ಜಜ್ಜಿದ ಹಣ್ಣನ್ನ ಹರಾಜಲ್ಲಿ ಎಷ್ಟಕ್ಕೆ ಕೂಗ್ತಾರೆ ಅಂತ ನಿಮಗೇ ಗೊತ್ತು.

ತಮ್ಮ ಮುಖ ಊದಿಸ್ಕೊಂಡಿದ್ದಾನೆ, ಇರಲಿ. ಆ ದುಡ್ಡಲ್ಲಿ ಹಿಂದಿನ ಟೈರು, ಬ್ರೇಕ್ ಲೈನರ್ ಹಾಕಿಸ್ತಿದೀನಿ. ಮಾಲು ಜಾಸ್ತಿ ಬಂದ ದಿನ ಎರಡು ಟ್ರಿಪ್. ಎರಡನೇ ಟ್ರಿಪ್ಪಲ್ಲಿ ಜಾಗ ಮಿಗುತ್ತೆ, ಡೀಸೆಲ್ ಹಂಚ್ಕೊಳ್ಳೋರು ಹಿಂದಿನ ರಾತ್ರಿಯೇ ಒಂದು ಫೋನ್ ಮಾಡಿ.